ಪುಣೆ ಗಾಡಿಗೆ ಹುಬ್ಬಳ್ಳಿಯಲ್ಲಿ ಏನು ಕೆಲಸ?

ಬಿಂದುಮಾಧವರಾಯರಿಗೆ ಕನಸು ಬೀಳುತ್ತಿರಲಿಲ್ಲ.

ಬೇರೆ ಯಾರಿಗಾದರೂ ಹೀಗಿದ್ದರೆ ಪುಣ್ಯವಂತ ಎನ್ನಬಹುದಿತ್ತು. ಆದರೆ ರಾಯರು ಧಾರವಾಡದ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವರು. ಕನಸೆಂದರೆ ಒಳಮನಸ್ಸು ಹೊರಮನಸ್ಸಿಗೆ ಕಳಿಸುವ ಗುಟ್ಟಿನ ಟಪಾಲು ಎಂಬ ಹೊಸ ವಿದ್ಯೆ ಯುರೋಪಿನಿಂದ ಹಡಗು ಹತ್ತಿ ಮುಂಬಯಿಗೆ ಬಂದು, ಅಲ್ಲಿಂದ ಪುಸ್ತಕದ ಪಾರ್ಸೆಲ್ಲಾಗಿ ಧಾರವಾಡಕ್ಕೆ ಬಂದಾಗ, ಅದರ ದಾರ ಬಿಚ್ಚಿದ ಮೊದಲ ಕೈ ತಮ್ಮದೆಂದು ಅವರಿಗೆ ಹೆಮ್ಮೆ. ಅಂಥವರಿಗೇ ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಬೆಳಿಗ್ಗೆ ಹಾಲಿನವಳು ಬಾಗಿಲು ಬಡಿಯುವ ತನಕ ಒಳಗೆ ಏನೂ ಇಲ್ಲ. ಆಟ ಮುಗಿದ ಮೇಲಿನ ಸಿನೆಮಾ ಪರದೆ.

ಇದು ಗೊತ್ತಿದ್ದದ್ದು ಅವರ ಅಣ್ಣನ ಮಗಳು ಸುಹಾಸಿನಿ ಒಬ್ಬಳಿಗೇ.

ಸುಹಾಸಿನಿ ಬಿ.ಎ. ಪಾಸಾಗಿದ್ದಳು. ತಂದೆ ತಾಯಿ ಹೋದ ಮೇಲೆ, ಹೆಂಡತಿಯನ್ನು ಕಳೆದುಕೊಂಡಿದ್ದ ಕಾಕಾನ ಮನೆಯೇ ಅವಳ ಮನೆ. ಮಾಳಮಡ್ಡಿಯ ಆ ಮನೆಯಲ್ಲಿ ಅಡಿಗೆ ಅವಳದು. ಕಾಕಾ ಗೀಚಿದ್ದನ್ನು ದುಂಡಗೆ ನಕಲು ಮಾಡುವುದೂ ಅವಳದು. ಮಾತು ಮಾತ್ರ ಅವಳದಾಗಿರಲಿಲ್ಲ. ಯಾರಾದರೂ ಬಂದರೆ ಚಹಾದ ಕಪ್ಪಿಟ್ಟು, ಆ ಕಪ್ಪಿಗಿಂತ ಕಡಿಮೆ ಸಪ್ಪಳ ಮಾಡಿ ಒಳಗೆ ಹೋಗುತ್ತಿದ್ದಳು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಅವಳ ದನಿ ಮೇಜಿನ ತನಕ ಮುಟ್ಟದೆ, ಎದುರಿಗೇ ಕೂತಿದ್ದರೂ ಗೈರುಹಾಜರಿ ಬಿದ್ದದ್ದುಂಟು. ಆದರೆ ಒಳಗೆ ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ನಗುತ್ತಲೂ ಇದ್ದಳು. ನಗು ತುಟಿಗೆ ಬಂದು ಮುಟ್ಟುವುದರೊಳಗೆ ಸೆರಗಿನಿಂದ ಒರೆಸಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು.

ರಾಯರ ಜೀವದ ಗೆಳೆಯ ಏಕನಾಥರಾಯರು ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಮಾಸ್ತರರು. ಇವರಷ್ಟೇ ಹುಚ್ಚು ಅವರಿಗೂ. ಕನಸಿನ ಶಾಸ್ತ್ರದ ಮೇಲೆ ಕನ್ನಡದಲ್ಲಿ ಮೊದಲ ಗ್ರಂಥವನ್ನು ಇಬ್ಬರೂ ಕೂಡಿ ಬರೆಯುವುದೆಂದು ಗೊತ್ತಾಗಿತ್ತು. ಸಾಮಗ್ರಿಗಾಗಿ ಪರರ ಮನೆಯ ಬಾಗಿಲು ಯಾಕೆ ತಟ್ಟಬೇಕು? ವಾರಕ್ಕೊಂದು ತನ್ನ ಕನಸನ್ನು ಈತ ಬರೆದು ಟಪಾಲಿಗೆ ಹಾಕಬೇಕು. ಆತ ಅದರ ಅರ್ಥ ಬಿಡಿಸಿ, ತನ್ನದೊಂದು ಕನಸನ್ನು ಜೋಡಿಸಿ ತಿರುಗಿ ಕಳಿಸಬೇಕು. ಹುಬ್ಬಳ್ಳಿ ಧಾರವಾಡಗಳ ನಡುವೆ ಬೆಳಗಿನಿಂದ ಬೈಗಿನ ತನಕ ಗಾಡಿಗಳು ಓಡಾಡುತ್ತಿದ್ದವು, ಗೆಳೆಯರು ಭೆಟ್ಟಿಯೂ ಆಗುತ್ತಿದ್ದರು. ಆದರೆ ಎದುರುಬದುರು ಕೂತಾಗ ಕನಸಿನ ಸುದ್ದಿ ತೆಗೆಯಕೂಡದೆಂದು ಏಕನಾಥರಾಯರ ಕಟ್ಟಪ್ಪಣೆ.

"ಒಬ್ಬರ ಮಾರಿ ಒಬ್ಬರು ನೋಡಿದ್ರ ಮನಸು ಹುಷಾರಾಗ್ತದ. ಕಾಗದದ ಮ್ಯಾಲೆ ಅದಕ್ಕ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ" ಎನ್ನುವರು.

ಹೀಗಾಗಿ ಸಿಕ್ಕಾಗೆಲ್ಲ ಇಬ್ಬರೂ ಮಾವಿನಕಾಯಿ, ಮಳೆ, ಮುನಸಿಪಾಲಿಟಿಯ ನಳ ಇವಿಷ್ಟನ್ನೇ ಮಾತಾಡಿ, ಒಬ್ಬರ ಒಳಮನಸ್ಸನ್ನು ಇನ್ನೊಬ್ಬರು ಕೋಟಿನ ಕಿಸೆಯಲ್ಲಿಟ್ಟುಕೊಂಡು ಕೈಮುಗಿದು ಎದ್ದುಹೋಗುವರು.

ಒಪ್ಪಂದವಾದ ಮೊದಲ ವಾರವೇ ರಾಯರು ಖಾಲಿ ಕಾಗದದ ಮುಂದೆ ಬಹಳ ಹೊತ್ತು ಕೂತರು. ಕಡೆಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಸುಹಾಸಿನಿ, ನಿನಗೇನರ ಬಿದ್ದಿತ್ತೇನು ನಿನ್ನೆ?"

"ಏನ್ರಿ ಕಾಕಾ?"

"ಕನಸು." ಅವರು ಒಲೆಯ ಕಡೆ ನೋಡುತ್ತ ಹೇಳಿದರು. "ಬಿದ್ದಿದ್ರ ಒಂದೀಟು ಕೊಡು. ಮುಂದಿನ ವಾರ ನನಗ ಬೀಳ್ತದ."

ನೆರೆಮನೆಯವರು ಸಕ್ಕರೆ ಕಡ ಕೇಳಿದ ಹಾಗಿತ್ತು. ಅವಳು ಕೊಟ್ಟಳು. ಮುಂದಿನ ವಾರ ಅವರಿಗೆ ಬೀಳಲಿಲ್ಲ. ಅದರ ಮುಂದಿನ ವಾರವೂ. ಆಮೇಲೆ ಕೇಳುವುದನ್ನೇ ಬಿಟ್ಟರು. ಶನಿವಾರ ಬೆಳಿಗ್ಗೆ ಚಹಾದ ಜೊತೆಗೆ ಒಂದು ಕನಸು ಬಂದು ಮೇಜಿನ ಮೇಲೆ ಕೂಡುವುದು ಆ ಮನೆಯ ಪದ್ಧತಿಯಾಗಿ ವರ್ಷಗಳೇ ಕಳೆದವು.

ಒಮ್ಮೆ ಅವಳಿಗೆ ತರಗತಿಯ ಮುಂದೆ ನಿಂತು ಬಾಯಿ ತೆರೆದರೆ ದನಿಯೇ ಹೊರಡದ ಕನಸು ಬಿತ್ತು. ಅದು ರಾಯರ ಹೆಸರಿನಲ್ಲಿ ಹುಬ್ಬಳ್ಳಿಗೆ ಹೋಯಿತು. "ಮಿತ್ರರೇ, ನಿಮ್ಮ ಪಾಂಡಿತ್ಯದ ಬಗ್ಗೆ ನಿಮಗೇ ಒಳಗೊಳಗೆ ಅಂಜಿಕೆಯಿದೆ" ಎಂದು ಉತ್ತರ ಬಂತು. ಓದಿದ ರಾಯರು ಮೊದಲು ಕೆಂಪಾದರು, ಆಮೇಲೆ ಬೆಳ್ಳಗಾದರು, ಆಮೇಲೆ ತೊಡೆ ತಟ್ಟಿದರು.

"ಎಷ್ಟು ಖರೇ ಬರ್ದಾನ ನೋಡು! ಹೌದು, ನನಗ ಅಂಜಿಕಿ ಅದ. ಯಾರ ಮುಂದೂ ಹೇಳಿದ್ದಿಲ್ಲ."

ತನ್ನ ಅಂಜಿಕೆ ಕಾಕಾನ ಮೈಗೂ ಸರಿಯಾಗಿ ಕೂತದ್ದು ನೋಡಿ ಸುಹಾಸಿನಿಗೆ ಸೋಜಿಗವಾಯಿತು. ಎಲ್ಲಿಯೂ ಬಿಚ್ಚದ ಬಾಯನ್ನು ಅವಳು ಈ ಕಾಗದದ ಮೇಲೆ ಬಿಚ್ಚಿದಳು. ಕನಸು ಬಿದ್ದ ವಾರ ಬಿದ್ದದ್ದನ್ನು ಬರೆದಳು, ಬೀಳದ ವಾರ ಕಟ್ಟಿದಳು. ಹುಬ್ಬಳ್ಳಿಯ ಒಬ್ಬ ವಿದ್ವಾಂಸರು ವಾರವಾರವೂ ಕನ್ನಡಕ ಏರಿಸಿ ತನ್ನ ಮನಸ್ಸನ್ನು ಓದಿ, ಅದರ ಅಡ್ಡತಿಡ್ಡವನ್ನೆಲ್ಲ ಕಾಕಾನ ತಲೆಗೆ ಕಟ್ಟುತ್ತಿದ್ದಾರೆ ಎಂಬುದರಲ್ಲಿ ಅವಳಿಗೆ ಹೇಳಿಕೊಳ್ಳಲಾಗದ ಒಂದು ಖುಷಿಯಿತ್ತು.

ಇನ್ನೊಂದು ಖುಷಿಯೂ ಇತ್ತು. ಅದು ಪುಣೆಯದು. ಏಕನಾಥರಾಯರ ಅಕ್ಕ ಪುಣೆಯಲ್ಲಿದ್ದರು. "ಹುಡುಗಿನ್ನ ಕಳಸ್ರಿ, ಎಂ.ಎ. ಮುಗಿಯೂ ತನಕ ನನ್ನ ಮನ್ಯಾಗ ಇರ್ತಾಳ" ಎಂದು ಆಕೆ ಹೇಳಿ ಕಳಿಸಿದ್ದರು. ಕಾಕಾ ಒಪ್ಪಿದ್ದರು. ಮದುವೆಯಾಗದ ಹುಡುಗಿ ಪರವೂರಿನಲ್ಲಿ ಓದಬೇಕಾದರೆ ಬುದ್ಧಿಗಿಂತ ಮೊದಲು ಒಂದು ಮರ್ಯಾದಸ್ತರ ಮನೆ ಬೇಕು. ಆ ಮನೆ ಸಿಕ್ಕಿತ್ತು. ಜೂನ್ ತಿಂಗಳಿಗೆ ಹೊರಡುವುದೆಂದು ಅವಳು ಅಟ್ಟದಿಂದ ತಂದೆಯ ಹಳೆಯ ಟ್ರಂಕನ್ನು ಇಳಿಸಿ ಬಿಸಿಲಿಗಿಟ್ಟಳು.

ಆ ಟ್ರಂಕೇ ಅವಳ ಕನಸಿನೊಳಗೂ ಬಂತು.

ಟ್ರಂಕು ಹಿಡಿದು ಪುಣೆಯ ಗಾಡಿ ಹತ್ತಿದ್ದಾಳೆ. ಗಾಡಿ ಹುಬ್ಬಳ್ಳಿ ಸ್ಟೇಶನ್ನಿಗೆ ಬರುತ್ತದೆ, ನಿಲ್ಲುವುದಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಮುದುಕ ನಿಂತಿದ್ದಾನೆ. ಗಾಡಿಯ ಗಾಳಿಗೆ ಅವನ ರುಮಾಲು ಹಾರಿ, ಬಿಚ್ಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಗಾಡಿಯ ಉದ್ದಕ್ಕೂ ಬರುತ್ತದೆ. ಇಷ್ಟೇ. ಈ ಸಲ ಅವಳು ಒಂದಕ್ಷರವನ್ನೂ ಕಟ್ಟಿರಲಿಲ್ಲ, ಬಿದ್ದದ್ದನ್ನೇ ಬರೆದಿದ್ದಳು. ರಾಯರು ಸಹಿ ಹಾಕಿದರು. ಲಕೋಟೆ ಹೋಯಿತು.

ಉತ್ತರ ಲಕೋಟೆಯಲ್ಲಿ ಬಂದರೂ ಒಳಗೆ ಬೆಂಕಿ ಇತ್ತು. "ಪುಣೆಯ ಗಾಡಿ ಧಾರವಾಡದಿಂದ ಬೆಳಗಾವಿಯ ಕಡೆ ಹೋಗುತ್ತದೆ. ಅದಕ್ಕೆ ಹುಬ್ಬಳ್ಳಿಯಲ್ಲಿ ಏನು ಕೆಲಸ? ನನ್ನನ್ನು ಅವಮಾನಿಸಲೆಂದೇ ತಾವು ಅದನ್ನು ತಿರುಗಿಸಿ ಇಲ್ಲಿಗೆ ತಂದಿದ್ದೀರಿ. ಆ ಮುದುಕ ನಾನು. ಹುಬ್ಬಳ್ಳಿಯಲ್ಲಿ ರುಮಾಲು ಸುತ್ತುವ ಮನಃಶಾಸ್ತ್ರಜ್ಞ ನಾನೊಬ್ಬನೇ. ಟ್ರಂಕಿನಲ್ಲಿರುವುದು ನಮ್ಮ ಗ್ರಂಥ. ನನ್ನನ್ನು ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು, ಅದನ್ನು ತಮ್ಮೊಬ್ಬರ ಹೆಸರಿನಲ್ಲಿ ಪುಣೆಯಲ್ಲಿ ಅಚ್ಚು ಹಾಕಿಸುವ ಆಸೆ ತಮ್ಮ ಒಳಮನಸ್ಸಿನಲ್ಲಿದೆ."

ರಾಯರಿಗೆ ಬಂದ ಸಂಕಟ ಲೋಕದಲ್ಲಿ ಇನ್ನಾರಿಗೂ ಬಂದಿರಲಾರದು. 'ಆ ಕನಸು ನನ್ನದಲ್ಲ' ಎಂದರೆ ಅಷ್ಟೂ ವರ್ಷಗಳ ಕನಸುಗಳು ನೀರಲ್ಲಿ ಹೋದವು. ನನ್ನದೇ ಎಂದರೆ ದ್ರೋಹ ಒಪ್ಪಿಕೊಂಡ ಹಾಗೆ. ತಾವು ಕಾಣದ ಕನಸಿನ ಪರವಾಗಿ ಅವರು ವಕೀಲಿ ಮಾಡಬೇಕಾಯಿತು. ರಕ್ಷಣೆಗೆ ದಾರಿ ಕಾಣದೆ ಏರಿ ಹೋದರು. ಏಕನಾಥರಾಯರು ಹಿಂದೊಮ್ಮೆ ರೊಟ್ಟಿ ಬಡಿಯುವ ಕನಸೊಂದನ್ನು ಕಳಿಸಿದ್ದರು. ಆಗ ರಾಯರು, "ರೊಟ್ಟಿ ಎಂದರೆ ಭೂಮಂಡಲ, ತಾವು ಲೋಕ ಗೆಲ್ಲಲು ಹೊರಟ ವೀರರು" ಎಂದು ಬರೆದಿದ್ದರು. ಈಗ ಅದನ್ನೇ ತಿರುವಿ, "ರೊಟ್ಟಿ ರೊಟ್ಟಿಯೇ. ತಾವು ಇನ್ನೂ ತಾಯಿಯ ಸೆರಗು ಬಿಡದ, ಹಸಿದು ಅಳುವ ಶಿಶು" ಎಂದರು.

ಆಮೇಲೆ ಕಾಗದಗಳ ತಲೆಬರಹ ಸಣ್ಣದಾಗುತ್ತ ಬಂತು. "ಪ್ರಾಣಮಿತ್ರರಾದ ಏಕನಾಥರಾಯರಿಗೆ ಸಪ್ರೇಮ ನಮಸ್ಕಾರಗಳು" ಇದ್ದದ್ದು "ಶ್ರೀ ಏಕನಾಥರಾಯರಿಗೆ" ಆಯಿತು. ಅದು "ಮಹಾಶಯರೇ" ಆಯಿತು. ಕಡೆಗೆ ಲಕೋಟೆಯ ಮರ್ಯಾದೆಯೂ ಹೋಗಿ ಕಾರ್ಡಿಗೆ ಇಳಿಯಿತು. ಟಪಾಲಿನ ಮಕ್ತುಮಸಾಬ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ.

"ಅಕ್ಕಾರ, ಸಾಹೇಬ್ರಿಗೆ ಹುಬ್ಬಳ್ಳಿ ಕಾರ್ಡ್ ಐತ್ರಿ. ನಾ ಓದಿಲ್ರಿ."

ಸುಹಾಸಿನಿ ಕೈ ಚಾಚಿದಳು. ಅವನು ಕೊಡಲಿಲ್ಲ.

"ಓದಿಲ್ರಿ, ಆದ್ರ ರುಮಾಲು ರುಮಾಲು ಅಂತ ಭಾಳ ಕಡೆ ಕಾಣಾಕತ್ತೈತ್ರಿ. ಆ ಸಾಹೇಬ್ರು ಅರಬಿ ಅಂಗಡಿ ಏನರ ತಗದಾರೇನ್ರಿ?"

ಬಟ್ಟೆಯಂಗಡಿಯ ಸುದ್ದಿ ಅದರಲ್ಲಿರಲಿಲ್ಲ. 'ಇನ್ನು ಮುಂದೆ ನಮ್ಮಿಬ್ಬರಿಗೂ ಯಾವ ಸಂಬಂಧವೂ ಬೇಡ, ನನ್ನ ಕನಸುಗಳನ್ನು ನನಗೆ ಮರಳಿ ಕಳಿಸತಕ್ಕದ್ದು' ಎಂದಿತ್ತು. ರಾಯರು ಅದನ್ನು ಓದಿ ತೂಗುಮಂಚದ ಮೇಲೆ ಕೂತರು. ತೂಗಲಿಲ್ಲ.

"ಎಲ್ಲಾ ಕಟ್ಟು ಮಾಡು" ಎಂದರು. "ಟಪಾಲಿಗೆ ಹಾಕೂದು ಬ್ಯಾಡ, ಆ ಮಕ್ತುಮಸಾಬ ಮೊದಲ ಓದ್ತಾನ. ನೀನ ಹುಬ್ಬಳ್ಳಿಗೆ ಹೋಗಿ ಆತನ ಮನ್ಯಾಗ ಒಗದು ಬಾ. ಮತ್ತ ಆ ಟ್ರಂಕು ಮ್ಯಾಲೆ ಇಡು."

"ಕಾಕಾ, ಪುಣೆ—"

"ಯಾವ ಪುಣೆ? ಆತನ ಅಕ್ಕನ ಮನಿಗೆ ನಮ್ಮ ಹುಡುಗಿ ಹೋಗೂದೇನು! ಸಾಧ್ಯ ಇಲ್ಲ."

ಸುಹಾಸಿನಿ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ನೋಡಿ ಹೇಗಿದೆ! ಪುಣೆಗೆ ಹೋಗುವ ಕನಸು ಕಂಡದ್ದಕ್ಕೇ ಪುಣೆ ತಪ್ಪಿತ್ತು. ಅದೂ ಇನ್ನೊಬ್ಬರ ಹೆಸರಿನಲ್ಲಿ ಕಂಡದ್ದಕ್ಕೆ.

ಅಳುತ್ತಲೇ ಏಕನಾಥರಾಯರ ಕನಸುಗಳನ್ನು ಕಟ್ಟಲು ಕೂತವಳು, ರೊಟ್ಟಿಯ ಕನಸು ಬಂದಾಗ ಸುಮ್ಮನೆ ಕಣ್ಣಾಡಿಸಿದಳು. "ಎಸರು ಆರಿದ್ದರಿಂದ ಹಿಟ್ಟಿಗೆ ಜಿಗಿ ಬರಲಿಲ್ಲ. ಬಡಿದಷ್ಟೂ ಅಂಚು ಸೀಳುತ್ತಿತ್ತು. ಹೊರಗೆ ಪಂಕ್ತಿ ಕೂತಿತ್ತು."

ಅವಳ ಅಳು ನಿಂತಿತು. ಏಕನಾಥರಾಯರು ಈ ಮನೆಗೆ ಬಂದಾಗ ನೀರು ಬೇಕಾದರೂ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಗಂಟಲು ಸರಿಪಡಿಸಿಕೊಳ್ಳುವವರು. ಎಸರು ಆರಿದರೆ ಜೋಳದ ಹಿಟ್ಟು ಏನು ಮಾಡುತ್ತದೆ ಎಂಬುದು ಅವರ ಒಳಮನಸ್ಸಿಗಾದರೂ ಹೇಗೆ ಗೊತ್ತು? ಅವಳು ಇನ್ನೊಂದನ್ನು ತೆಗೆದಳು. ಬಾಗಿಲ ಮುಂದೆ ರಂಗೋಲಿ ಹಾಕುತ್ತಿರುವಾಗ ಪುಡಿ ಮುಗಿದ ಕನಸು. ಮತ್ತೊಂದು, ಕುಬಸ ಒಂದು ಗೇಣು ಸಣ್ಣದಾಗಿ ಕೈಯೇ ತೂರದ ಕನಸು. ಅದಕ್ಕೆ ಕಾಕಾ, 'ತಮಗೆ ಸರಕಾರಿ ನೌಕರಿಯ ಬಂಧನ ಸಾಕಾಗಿದೆ' ಎಂದು ಅರ್ಥ ಬರೆದಿದ್ದರು. ಕುಬಸವನ್ನು ಇಬ್ಬರು ಮನಃಶಾಸ್ತ್ರಜ್ಞರೂ ದಾಟಿ ಹೋಗಿದ್ದರು! ನಕಲು ಮಾಡುವಾಗ ತಾನೂ ದಾಟಿ ಹೋಗಿದ್ದೆನಲ್ಲ ಎಂದು ನೆನಪಾಗಿ ಸುಹಾಸಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಳ್ಳರ ಹೆಜ್ಜೆ ಇನ್ನೊಬ್ಬ ಕಳ್ಳನಿಗೆ ಗೊತ್ತಾದ ಹಾಗೆ ಅವಳಿಗೆ ಗೊತ್ತಾಯಿತು.

ಹುಬ್ಬಳ್ಳಿಯ ಸ್ಟೇಶನ್ನಿಗೆ ಸಮೀಪದ ಓಣಿಯಲ್ಲಿ ಏಕನಾಥರಾಯರ ಮನೆ. ಮೇ ತಿಂಗಳ ರಜೆ. ಅವರು ವಾಚನಾಲಯಕ್ಕೆ ಹೋಗಿದ್ದರು. ಬಾಗಿಲು ತೆರೆದದ್ದು ಹೆಂಡತಿ ಲಕ್ಷ್ಮೀಬಾಯಿ. ಅಗಲ ಮುಖ, ಅಗಲ ಕುಂಕುಮ, ಮನೆ ತುಂಬುವ ದನಿ. ಸುಹಾಸಿನಿ ಕಟ್ಟನ್ನು ಮುಂದೆ ಚಾಚಿದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು ಒಂದೂ ಹೊರಡಲಿಲ್ಲ.

ಲಕ್ಷ್ಮೀಬಾಯಿ ಕಟ್ಟನ್ನೂ ನೋಡಿದರು, ಅವಳನ್ನೂ ನೋಡಿದರು. "ಬಾ ಒಳಗ" ಎಂದು ಕೈಹಿಡಿದು ಅಡಿಗೆಮನೆಗೆ ಕರೆದೊಯ್ದು ಮಣೆ ಹಾಕಿ ಕೂಡಿಸಿದರು. ಆಮೇಲೆ ತಣ್ಣಗೆ ಕೇಳಿದರು:

"ಟ್ರಂಕು ತಗೊಂಡು ಗಾಡಿ ಹತ್ತಿದಾಕಿ ನೀನ ಹೌದಲ್ಲ?"

ಸುಹಾಸಿನಿಯ ಕಿವಿಯ ತನಕ ಬಿಸಿಯೇರಿತು. ನೆಲ ನೋಡುತ್ತ ಅವಳು ಹೇಳಿದಳು: "ರೊಟ್ಟಿ ಬಡದಾಕೀ ನೀವ ಹೌದಲ್ರಿ, ಕಾಕು?"

ಆಮೇಲೆ ಲಕ್ಷ್ಮೀಬಾಯಿ ನಕ್ಕ ನಗೆಗೆ ಗೂಡಿನಲ್ಲಿದ್ದ ತಟ್ಟೆಯೊಂದು ಅದುರಿತು.

"ಅಯ್ಯ ನನ್ನವ್ವ! ನನಗ ಮೊದಲಿಂದನೂ ಅನುಮಾನ ಇತ್ತು. ಕನಸು ಕಂಡಾಂವ ಗಂಡಸು ಅಂತ, ಓಡೂ ಮುಂದ ನಿರಿಗಿ ಎತ್ತಿ ಹಿಡೀತಾನ! ಇವರಿಗೆ ತೋರಿಸಿದೆ. ಏನಂದ್ರು ಗೊತ್ತೇನು? 'ನಿರಿಗಿ ಅಂದ್ರ ಅಲ್ಲಿ ಧೋತರದ ಕಚ್ಚಿ, ನಿನಗೇನು ತಿಳೀತದ' ಅಂದ್ರು."

"ಏಕನಾಥ ಕಾಕಾಗ ಬೀಳೂದಿಲ್ಲೇನ್ರಿ?"

"ಎಲ್ಲೀದು! ಮಲಗಿದ್ರ ಗಿರಣಿ ಚಾಲೂ. 'ಲಕ್ಷ್ಮೀ, ಈ ವಾರದ್ದೊಂದು ಕೊಡು' ಅಂತಾರ. ಹೇಳಿ ಹೇಳಿ ನನ್ನವೂ ತೀರಿದ್ವು. ಹೋದ ವರ್ಷದ್ದೊಂದಿಷ್ಟು ಬಾಜೂ ಮನಿ ಶಿವಲಿಂಗವ್ವಂದು. ಆಕಿಗೆ ಕನಸ ಭಾಳ." ಲಕ್ಷ್ಮೀಬಾಯಿ ದನಿ ತಗ್ಗಿಸಿದರು. "ಆಕಿ ಎಮ್ಮಿ ತಪ್ಪಿಸ್ಕೊಂಡ ಕನಸಿಗೆ ನಿಮ್ಮ ಕಾಕಾ ಏನು ಬರದಿದ್ರು, ನೆನಪದ ಏನು?"

"ನಿಮ್ಮ ತಂದೆಯವರ ಮ್ಯಾಲಿನ ಸಿಟ್ಟು ಅಂತ್ರಿ."

"ಇವರು ಅದನ್ನ ಓದಿ ಕಣ್ಣಾಗ ನೀರು ತಂದ್ರು. ಶಿವಲಿಂಗವ್ವನ ಎಮ್ಮಿಗೆ!"

ಸುಹಾಸಿನಿ ನಕ್ಕಳು. ನಗುತ್ತಿದ್ದಂತೆಯೇ ಅಳುವೂ ಬಂತು. ಪುಣೆಯ ಸುದ್ದಿ ತುಣುಕು ತುಣುಕಾಗಿ ಹೊರಬಿತ್ತು. ಲಕ್ಷ್ಮೀಬಾಯಿ ಅರ್ಧದಲ್ಲಿಯೇ ಕೈಯೆತ್ತಿ ತಡೆದರು.

"ಅಳಬ್ಯಾಡ. ಇವರ ಅಕ್ಕಗ ನಾ ಹೇಳಬಲ್ಲೆ, ಆದ್ರ ನಿಮ್ಮ ಕಾಕಾ ಬಿಡಬೇಕಲ್ಲ. ಮಾತಿನ್ಯಾಗ ಇಬ್ಬರೂ ಬಗ್ಗವರಲ್ಲ. ಇವರೂ ಸುಖಾ ಇಲ್ಲ. ಟಪಾಲಿನ ಹೊತ್ತಿಗೆ ಕಟ್ಟಿ ಮ್ಯಾಲೆ ಬಂದು ನಿಲ್ತಾರ. ಕೇಳಿದ್ರ ಗಾಳಿಗೆ ಬಂದೆ ಅಂತಾರ." ಅವರು ಕೆನ್ನೆಗೆ ಬೆರಳಿಟ್ಟು ಸ್ವಲ್ಪ ಹೊತ್ತು ಒಲೆಯನ್ನೇ ನೋಡಿದರು. "ಇಬ್ಬರಿಗೂ ಒಂದ ಒಂದು ಖರೇ ಕನಸು ಬೀಳಬೇಕು ನೋಡು. ಬಿದ್ರ ಹೊಟ್ಟ್ಯಾಗ ಇಟ್ಟುಕೊಳ್ಳಿಕ್ಕೆ ಆಗೂದಿಲ್ಲ. ಹೇಳಬೇಕು. ಹೇಳಿದ್ರ ತಿಳಿಯವರು ಊರಾಗ ಯಾರಿದ್ದಾರ? ನಮಗೇನು ಹೇಳ್ತಾರೇನು? ನಾವು ಬರೇ ಕನಸು ಕೊಡವರು!"

"ಆದ್ರ ಬೀಳಸೂದು ಹ್ಯಾಂಗ್ರಿ?"

"ಅದನ್ನ ಬಿ.ಎ.ದಾಗ ಕಲಿಸಲಿಲ್ಲೇನು?" ಲಕ್ಷ್ಮೀಬಾಯಿ ಬೆರಳು ಮಡಿಚತೊಡಗಿದರು. "ಬದನಿಕಾಯಿ ಎಣಗಾಯಿ, ಎಣ್ಣಿ ಮುಂದ. ಝುಣಕ, ಗಟ್ಟಿದು. ಕರಿಗಡಬು, ತುಪ್ಪದಾಗ ಮುಳುಗಿಸಿ. ಮ್ಯಾಲೆ ಬಾಸುಂದಿ. ಉಂಡ ಮ್ಯಾಲೆ ಅಡ್ಡಾಡಲಿಕ್ಕೆ ಬಿಡಬಾರದು, ಕೂಡಲೇ ಹಾಸಿಗಿ. ಗುರುವಾರ ಇಬ್ಬರಿಗೂ ಒಮ್ಮೆಲೇ ಹಾಕೋಣ. ಒಬ್ಬರು ಮೊದಲು ಬಗ್ಗಿದ್ರ ಇನ್ನೊಬ್ಬರು ಕುದರಿ ಏರ್ತಾರ."

ಗುರುವಾರ ಸಂಜೆ ರಾಯರು ತಟ್ಟೆಯ ಮುಂದೆ ಕೂತು ಕನ್ನಡಕ ಸರಿಮಾಡಿಕೊಂಡರು. "ಇವತ್ತೇನು ಹಬ್ಬ?"

"ಹಾಲು ಉಳದಿತ್ರಿ ಕಾಕಾ."

"ಹಾಲು ಉಳದ್ರ ಬದನಿಕಾಯಿ ಯಾಕ?" ಎಂದರಾದರೂ ಕೈ ನಿಲ್ಲಲಿಲ್ಲ. ಗೆಳೆತನ ಮುರಿದಾಗಿನಿಂದ ಅವರು ಸರಿಯಾಗಿ ಉಂಡಿರಲಿಲ್ಲ. ಕರಿಗಡಬು ಬಡಿಸಿದಳು, ಇನ್ನೊಂದು ಬಡಿಸಿದಳು. "ಸಾಕು" ಎಂದು ಅವರು ಕೈ ಅಡ್ಡ ಹಿಡಿದಾಗ ಆ ಕೈಗೇ ಒಂದನ್ನು ಇಟ್ಟಳು. ಇಷ್ಟು ಧೈರ್ಯ ತನಗೆ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಊಟವಾದ ಮೇಲೆ ಅಂಗಳಕ್ಕೆ ಹೊರಟವರನ್ನು, "ಚೇಳು ಬಂದಿತ್ರಿ" ಎಂದು ಹಾಸಿಗೆಗೆ ಕಳಿಸಿದಳು.

ಮರುದಿನ ಹಾಲಿನವಳಿಗಿಂತ ಮೊದಲೇ ರಾಯರು ಎದ್ದಿದ್ದರು. ಮುಖ ಬಿಳಿಚಿತ್ತು, ಕಣ್ಣು ಹೊಳೆಯುತ್ತಿದ್ದವು. ಅಡಿಗೆಮನೆಯ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತರು.

"ಸುಹಾಸಿನಿ, ಬಿತ್ತು."

"ಏನು ಬಿತ್ರಿ ಕಾಕಾ?" ಎಂದು ಅವಳು ಒಲೆ ಊದುತ್ತ ಕೇಳಿದಳು. ಮುಖ ತೋರಿಸುವ ಹಾಗಿರಲಿಲ್ಲ.

"ಇದು ನಿನಗ ತಿಳಿಯೂದಿಲ್ಲ. ಇದು ಶಾಸ್ತ್ರ ಬಲ್ಲವರಿಗೆ ಹೇಳೂ ವಿಷಯ."

ಶಾಸ್ತ್ರ ಬಲ್ಲವರು ಯಾರೆಂದು ಅವಳು ಕೇಳಲಿಲ್ಲ. ರಾಯರು ಕಾಗದ ತೆಗೆದು "ಪ್ರಾಣ" ಎಂದು ಬರೆದು ಹರಿದರು. "ಮಹಾಶಯರೇ" ಎಂದು ಬರೆದು ಅದನ್ನೂ ಹರಿದರು. ಜಳಕ ಮಾಡಿ ಬಂದರು, ಪೂಜೆಗೆ ಕೂತು ಗಂಟೆ ಬಾರಿಸುವುದನ್ನೇ ಮರೆತರು. ಕೋಟು ತೊಟ್ಟು, ಕಳಚಿ, ಮತ್ತೆ ತೊಟ್ಟರು.

"ಲಕ್ಷ್ಮೀಬಾಯಿಗೆ ಉಪ್ಪಿನಕಾಯಿ ಕೊಡೂದಿತ್ತಲ್ಲ?" ಎಂದರು ಕಡೆಗೆ.

"ಇತ್ತೇನ್ರಿ?"

"ಇತ್ತು. ಭರಣಿ ತಗೋ. ಲಗೂ ನಡಿ, ಗಾಡಿ ತಪ್ಪೀತು."

ಹೀಗೆ ಮಾವಿನ ಉಪ್ಪಿನಕಾಯಿಯ ಭರಣಿ ತೊಡೆಯ ಮೇಲಿಟ್ಟುಕೊಂಡು ಸುಹಾಸಿನಿ ಕಾಕಾನ ಎದುರಿಗೆ ಕಿಟಕಿಯ ಪಕ್ಕ ಕೂತಳು. ಒಂಟಿ ಹಳಿಯ ದಾರಿ. ನವಲೂರಿನಲ್ಲಿ ಇವರ ಗಾಡಿ ನಿಂತಿತು, ಹುಬ್ಬಳ್ಳಿಯ ಕಡೆಯಿಂದ ಬರುವ ಗಾಡಿಗೆ ದಾರಿ ಕೊಡಬೇಕಿತ್ತು. ಅದು ಬಂತು, ಅದೂ ಉಸ್ಸೆಂದು ನಿಂತಿತು. ಎದುರಿನ ಗಾಡಿಯ ಕಿಟಕಿಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದು ರುಮಾಲು. ರುಮಾಲಿನ ಕೆಳಗೆ ಏಕನಾಥರಾಯರು.

ಇಬ್ಬರೂ ಕಲ್ಲಾದರು. ಎದುರುಬದುರು ಕೂತಾಗಿನ ಕಟ್ಟಳೆಯೊಂದಿತ್ತಲ್ಲ. ರೂಢಿಯ ಬಲದಿಂದ ಬಿಂದುಮಾಧವರಾಯರೇ ಬಾಯಿ ತೆರೆದರು.

"ಮಾವಿನಕಾಯಿ ಈ ವರ್ಷ ಕಡಿಮಿ ಕಾಣ್ತಾವ."

"ಹೌದ್ರಿ, ಗಾಳಿಗೆ ಉದುರ್ಯಾವ" ಎಂದರು ಏಕನಾಥರಾಯರು. "ನೀವು ಎತ್ಲಾಗ?"

"ಉಪ್ಪಿನಕಾಯಿ ಕೊಡಲಿಕ್ಕೆ. ನೀವು?"

"ನಾನು... ಧಾರವಾಡದಾಗ ಪೇಢೆ ತರೂದಿತ್ತು."

ಎಂಜಿನ್ನಿನ ಉಸಿರೊಂದೇ ಸಪ್ಪಳ. ಸುಹಾಸಿನಿ ಭರಣಿಯನ್ನು ಬಿಗಿಯಾಗಿ ಹಿಡಿದಳು. ಈ ಇಬ್ಬರೂ ಈಗ ಮಾವಿನಕಾಯಿಯಿಂದ ಮಳೆಗೆ, ಮಳೆಯಿಂದ ನಳಕ್ಕೆ ಹೋದರೆ ಅವಳ ಟ್ರಂಕು ಅಟ್ಟದ ಮೇಲೆಯೇ ತುಕ್ಕು ಹಿಡಿಯುತ್ತದೆ.

"ಏಕನಾಥ!" ಕಾಕಾನ ದನಿ ಒಡೆಯಿತು. ಕಾಗದದಲ್ಲಿ ಎಂದೂ ಬಿಡದ ಬಹುವಚನ ಎಲ್ಲಿ ಹೋಯಿತೋ. "ನನಗ ಕನಸು ಬಿತ್ತೋ!"

"ಬಿಂದೂ! ನನಗೂ!" ಎಂದು ಏಕನಾಥರಾಯರು ಕಿಟಕಿಯಿಂದ ಅರ್ಧ ಹೊರಗೆ ಬಂದರು.

"ಹುಟ್ಟಿದಾಗಿಂದ ಮೊದಲನೇ ಸಲ!"

"ನನಗೂ ಮೊದಲನೇ—"

ಅಲ್ಲಿಗೆ ನಿಂತಿತು. ಇಬ್ಬರ ಬಾಯಿಯೂ ತೆರೆದೇ ಇತ್ತು. ತಾನು ಏನಂದೆ ಎಂಬುದು ಒಬ್ಬೊಬ್ಬರಿಗೂ ಮೊದಲು ತಿಳಿಯಿತು. ಆತ ಏನಂದ ಎಂಬುದು ಆಮೇಲೆ.

"ಹಂಗಾರ ಆ ರೊಟ್ಟಿ?" ಎಂದರು ಬಿಂದುಮಾಧವರಾಯರು.

"ಹಂಗಾರ ಆ ರುಮಾಲು?" ಎಂದರು ಏಕನಾಥರಾಯರು.

ಉತ್ತರವಾಗಿ ಕಾಕಾನ ಕಣ್ಣು ಭರಣಿ ಹಿಡಿದು ಕೂತವಳ ಕಡೆ ಹೊರಳಿತು. ಏಕನಾಥರಾಯರ ಕಣ್ಣೂ ಅಲ್ಲಿಯೇ ಬಂದು ನಿಂತಿತು. ಸುಹಾಸಿನಿ ಭರಣಿಯ ಮುಚ್ಚಳದಲ್ಲಿ ಅಡಗುವಂತಿದ್ದರೆ ಅಡಗುತ್ತಿದ್ದಳು.

"ನಮ್ಮಾಕಿದು ರೊಟ್ಟಿ" ಎಂದರು ಏಕನಾಥರಾಯರು ಸಣ್ಣ ದನಿಯಲ್ಲಿ. ಆಮೇಲೆ ಸ್ವಲ್ಪ ಏರಿಸಿ, "ಇಷ್ಟು ವರ್ಷ ನನಗ ಸುಳ್ಳು ಕನಸು ಕಳಿಸಿದಿ ಅಲ್ಲೋ ನೀ!"

"ನೀ ಏನು ಖರೇದು ಕಳಿಸಿದಿ? ನಂದರ ಬಿ.ಎ. ಪಾಸಾದ ಕನಸು!"

"ನಂದು ಸಂಸಾರ ಮಾಡಿದ ಕನಸು! ಅನುಭವದ್ದು!"

ಪಕ್ಕದಲ್ಲಿ ಕೂತ ಒಬ್ಬ ರೈತ, "ಜಗಳ ಯಾತರದ್ರಿ ಅಪ್ಪಾರ, ಹೊಲದ್ದೋ ಮನೀದೋ?" ಎಂದು ಕೇಳಿದ. ಸೀಟಿ ಊದಿತ್ತು.

"ನಿನ್ನೆ ಬಿದ್ದದ್ದು ಹೇಳೋ ಲಗೂ!" ಎಂದು ಏಕನಾಥರಾಯರು ಕೂಗಿದರು.

"ನೀ ಮಾಸ್ತರ, ನಾ ಹುಡುಗ! ಪಾಟಿ ಮ್ಯಾಲೆ ಏನೂ ಬರದಿಲ್ಲ ನಾ, ನೀ ಬಡೀಲೇ ಇಲ್ಲ! ನಿಂದು?"

"ನಿನ್ನ ಗಾಡಿನ ಬಂದಿತ್ತು! ನನ್ನ ರುಮಾಲು ಹಾರಿತ್ತು, ನೀ ಕಿಟಕ್ಯಾಗಿಂದ ಕೈ ಹಾಕಿ ಅದನ್ನ—"

ಗಾಡಿಗಳು ಹೊರಟವು. ಒಂದು ಆ ಕಡೆ, ಒಂದು ಈ ಕಡೆ. ಉಳಿದ ಮಾತನ್ನು ಹೊಗೆ ನುಂಗಿತು. ಏಕನಾಥರಾಯರು ಬೀಗ ಹಾಕಿದ ಮನೆಯ ಕಡೆಗೂ ಬಿಂದುಮಾಧವರಾಯರು ಯಜಮಾನರಿಲ್ಲದ ಮನೆಯ ಕಡೆಗೂ ತಡೆಯಿಲ್ಲದೆ ಸಾಗಿದರು.

"ಅದನ್ನ ಏನು ಮಾಡಿದೆ ನಾನು?" ಎಂದು ಕಾಕಾ ತಮ್ಮನ್ನೇ ಕೇಳಿಕೊಂಡರು. "ಹಿಡದೆನೋ? ಇನ್ನಷ್ಟು ಎಳದೆನೋ?"

ಉಣಕಲ್ಲು ಬಂತು. ಸುಹಾಸಿನಿ ಬೈಗಳಿಗಾಗಿ ಕಾದು ಕೂತಿದ್ದಳು. ಬೈಗಳು ಬರಲಿಲ್ಲ. ಬಂದದ್ದು ಬೇರೆ.

"ಆ ಟ್ರಂಕಿಂದು ಕಟ್ಟಿದ್ದೋ, ಖರೇನ ಬಿದ್ದಿತ್ತೋ?"

"ಬಿದ್ದಿತ್ರಿ."

"ಮತ್ತ ಧಾರವಾಡದಾಗ ಹತ್ತಿದ ಪುಣೆ ಗಾಡಿ ಹುಬ್ಬಳ್ಳಿಗೆ ಹೋಗೂದಿಲ್ಲ ಅನ್ನೂದು ನಿನಗ ಗೊತ್ತಿಲ್ಲೇನು?"

ಇಷ್ಟು ದಿನ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕನಸು ಅವಳದೆಂಬುದು ಕಾಕಾನಿಗೂ ಮರೆತೇ ಹೋಗಿತ್ತು. ಸುಹಾಸಿನಿ ಕಿಟಕಿಯ ಹೊರಗೆ ನೋಡಿದಳು, ಭರಣಿ ನೋಡಿದಳು, ಆಮೇಲೆ ಕಾಕಾನ ಮುಖವನ್ನೇ ನೋಡಿ, ಎದುರಿನ ರೈತನಿಗೂ ಕೇಳುವಷ್ಟು ದನಿಯಲ್ಲಿ ಹೇಳಿದಳು:

"ಗೊತ್ತದರಿ. ಎಲ್ಲಾರಿಗೂ ಪುಣೆ ಬೆಳಗಾವಿ ಮ್ಯಾಲೆ. ನನಗ ಮಾತ್ರ ಹುಬ್ಬಳ್ಳಿ ಮ್ಯಾಲೆ. ಏಕನಾಥ ಕಾಕಾನ ಮನಿ ಬಾಗಿಲ ದಾಟಿದ್ರನ ಅವರ ಅಕ್ಕನ ಮನಿ. ನೀವು ಇಬ್ಬರೂ ಜಗಳಾಡಿದ್ರ ನನ್ನ ಗಾಡಿ ನಿಲ್ಲೂದಿಲ್ಲ. ಆ ಅಂಜಿಕಿಗೇ ಹಂಗ ಬಿತ್ತು."

ರಾಯರು ಅವಳನ್ನು ಎಂದೂ ನೋಡಿರದವರ ಹಾಗೆ ನೋಡಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು.

"ಇದು..." ಎಂದರು. "ಇದು ಆತನ ಅರ್ಥಕ್ಕಿಂತ ಛಲೋ ಅದ."

ಅಂದು ಲಕ್ಷ್ಮೀಬಾಯಿಯ ಮನೆಯಲ್ಲಿ ಚಹಾ ಕುಡಿದು ಬಿಂದುಮಾಧವರಾಯರು ಕೇಳಿದ ಮೊದಲ ಮಾತು ಪುಣೆಯ ಅಕ್ಕನ ಮನೆಯ ವಿಳಾಸ. ಸಂಜೆಯ ಗಾಡಿಗೆ ಏಕನಾಥರಾಯರೂ ಬಂದರು, ಕೈಯಲ್ಲಿ ಪೇಢೆಯ ಪೊಟ್ಟಣ. ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಕೂತಾಗ ಮಕ್ತುಮಸಾಬ ಬಂದು, "ರುಮಾಲಿನ ಸಾಹೇಬ್ರು ನೀವ ಏನ್ರಿ?" ಎಂದು ಮಾತಾಡಿಸಿದ್ದನ್ನು ಹೇಳಿದರು. ಎಲ್ಲರೂ ನಕ್ಕರು. ಆದರೆ ಕನಸಿನ ಸುದ್ದಿಯನ್ನು ಯಾರೂ ತೆಗೆಯಲಿಲ್ಲ. ಎದುರುಬದುರು ಕೂತಿದ್ದರಲ್ಲ.

ಗ್ರಂಥ ಆಗಲಿಲ್ಲ. ಕಾಗದಗಳೂ ನಿಂತವು. ಒಬ್ಬರ ಒಳಮನಸ್ಸನ್ನು ಇನ್ನೊಬ್ಬರು ಬಲ್ಲೆವೆಂಬ ಆ ಗೆಳೆತನ ನವಲೂರಿನ ಹಳಿಗಳ ನಡುವೆ ಬಿದ್ದುಹೋಗಿತ್ತು. ಅದನ್ನು ಹೆಕ್ಕಲು ಇಬ್ಬರೂ ಇಳಿಯಲಿಲ್ಲ. ಆದಿತ್ಯವಾರಕ್ಕೊಮ್ಮೆ ಕೂಡುತ್ತಿದ್ದರು. ಮಾವಿನಕಾಯಿ, ಮಳೆ, ನಳ. ಏಕನಾಥರಾಯರು ಹೊರಟ ಮೇಲೆ ಕಾಕಾ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, 'ಅದನ್ನ ಏನು ಮಾಡಿದೆ' ಎಂದು ಕೇಳಲೋ ಬೇಡವೋ ಎಂಬಂತೆ ಬೀದಿ ನೋಡುವುದನ್ನು ಸುಹಾಸಿನಿ ಕಂಡಿದ್ದಳು.

ಜೂನ್ ತಿಂಗಳಲ್ಲಿ ಪುಣೆಯ ಗಾಡಿಗೆ ಅವಳನ್ನು ಕಳಿಸಲು ಮೂವರೂ ಧಾರವಾಡ ಸ್ಟೇಶನ್ನಿಗೆ ಬಂದರು. ಲಕ್ಷ್ಮೀಬಾಯಿ ಕಿಟಕಿಯೊಳಗೆ ಕರಿಗಡಬಿನ ಡಬ್ಬಿ ತುರುಕಿ, "ಇಲ್ಲೇ ತಿನಬ್ಯಾಡ, ಗಾಡ್ಯಾಗ ಏನೇನರ ಬಿದ್ದೀತು" ಎಂದು ಕಣ್ಣು ಮಿಟುಕಿಸಿದರು. "ಬಿದ್ರ ನನಗ ಬರಿ. ನಂದೂ ಒಂದು ತಯಾರದ."

ಗಾಡಿ ಅಲುಗಿತು. ಮಳೆಗಾಲದ ಮೊದಲ ಗಾಳಿ ಪ್ಲಾಟ್‌ಫಾರ್ಮಿನ ಮೇಲಿನ ಕಸವನ್ನೆಲ್ಲ ಎಬ್ಬಿಸಿತು. ಕಾಕಾ ಕೈಯೆತ್ತಿ ಬೀಸಿದರು. ಏಕನಾಥರಾಯರು ಬೀಸಲಿಲ್ಲ. ಅವರ ಎರಡೂ ಕೈ ರುಮಾಲಿನ ಮೇಲಿದ್ದವು. ಗಾಡಿಯ ಕಡೆಯ ಬೋಗಿ ದಾಟಿ ಹೋಗುವ ತನಕ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದೇ ನಿಂತಿದ್ದರು. ಕಾಕಾ ಅವರನ್ನು ವಾರೆಗಣ್ಣಿನಿಂದ ನೋಡಿದರು. ಅರ್ಥ ಬಿಡಿಸಲು ಇಬ್ಬರಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ.

ಕಿಟಕಿಯಲ್ಲಿ ಸುಹಾಸಿನಿ ನಗುತ್ತಿದ್ದಳು. ಸೆರಗು ಗಾಳಿಗೆ ಹಾರಿ ಎಲ್ಲೋ ಇತ್ತು.